ಗದ್ದಲ ಹೆಚ್ಚಾಗಿದೆ

ಶಾಲೆಯ ಗೋಡೆಗಳೊಳಗೆ ನಡೆದದ್ದನ್ನು ಹೇಳುವ ಅಧಿಕಾರ ನನಗಿಲ್ಲ. ಕಲಿಸುವ ಯಂತ್ರಗಳ ವಿಷಯ ಚೆನ್ನಾಗಿ ತಿಳಿದವನೂ ನಾನಲ್ಲ. ಆದರೂ ಹೇಳಹೊರಟಿದ್ದೇನೆ; ಬಲ್ಲವರು ಮನ್ನಿಸಬೇಕು.

"ಗದ್ದಲ ಹೆಚ್ಚಾಗಿದೆ. ದಯವಿಟ್ಟು ಶಾಂತವಾದ ಜಾಗದಲ್ಲಿ ಓದಿ," ಎಂದು ಟ್ಯಾಬ್ ಮತ್ತೊಮ್ಮೆ ಹೇಳಿತು.

ನಾಲ್ಕನೆಯ ತರಗತಿಯಲ್ಲಿ ಆಗ ಗದ್ದಲವೇ ಇರಲಿಲ್ಲ. ಇದ್ದದ್ದು ಋತುಜಾಳ ಗಟ್ಟಿ ದನಿ ಒಂದೇ.

"ಬಾಯಾರ, ಇದು ನನಗ ಗದ್ದಲ ಅಂತೈತಿ!" ಎಂದು ಅವಳು ಕೂಗಿದಳು.

"ಅದಕ್ಕ ನಿನ್ನ ಹೆಸರು ಗೊತ್ತಾತು ಬಿಡ," ಎಂದ ಹಿಂದಿನ ಬೆಂಚಿನ ಪ್ರತೀಕ. ತರಗತಿ ನಕ್ಕಿತು. ಶಿಕ್ಷಕಿ ನೂತನ ಬಾಯಾರಿಗೂ ನಗು ಬಂತು. ಮರುಕ್ಷಣ ಮುಖ ಸಪ್ಪಗಾಯಿತು.

ಎಸ್ಟೋನಿಯಾ ಎಂಬ ದೂರದ ದೇಶದ ಶಿಕ್ಷಕರೂ ಕೋಲ್ಹಾಪುರದ ಒಂದು ಸಂಸ್ಥೆಯೂ ಸೇರಿ ಮಹಾರಾಷ್ಟ್ರದಲ್ಲಿರುವ ಮಗ್ಗಗಳ ಊರಾದ ಇಚಲಕರಂಜಿಯ ಈ ಕನ್ನಡ ಶಾಲೆಗೆ ಟ್ಯಾಬುಗಳನ್ನು ಕೊಟ್ಟಿದ್ದರು. ಮಗು ಓದಬೇಕು, ಟ್ಯಾಬ್ ಕೇಳಬೇಕು, ಕೇಳಿ ಮಗುವಿನ ಗುಂಪು ಗೊತ್ತುಮಾಡಬೇಕು. ಅದರಿಂದ ಒಳ್ಳೆಯದೂ ಆಗಿತ್ತು. ಯಾರೆದುರೂ ಬಾಯಿ ಬಿಡದಿದ್ದ ಶೀತಲ ಟ್ಯಾಬಿನೆದುರು ಗುಟ್ಟು ಹೇಳುವವಳಂತೆ ಓದತೊಡಗಿದ್ದಳು. ಋತುಜಾ ಮಾತ್ರ ಅದಕ್ಕೆ ಒಗ್ಗಲಿಲ್ಲ. ಯಾವ ಪುಟ ತೆರೆದಿಟ್ಟರೂ ಓದುವ ಹುಡುಗಿಯನ್ನು ಅದು ಅಕ್ಷರ ಬಾರದವರ ಗುಂಪಿಗೆ ಹಾಕಿತು. ಬರುವ ಸೋಮವಾರದಿಂದ ಅವಳು ಪಕ್ಕದ ಕೋಣೆಯಲ್ಲಿ ಎರಡನೆಯ ತರಗತಿಯ ಮಕ್ಕಳೊಂದಿಗೆ ಕೂತು ಅ ಆ ಇ ಈ ತಿದ್ದಬೇಕಾಗಿತ್ತು.

ಯೋಜನೆಯ ಮೇಲ್ವಿಚಾರಕ ಅಜಿಂಕ್ಯ ಗಡಹಿಂಗ್ಲಜದವನು. ಕನ್ನಡ ಚೆನ್ನಾಗಿ ಬರುತ್ತಿತ್ತು. ಅವಸರವಾದರೆ ಮರಾಠಿಗೆ ಹೊರಳುತ್ತಿದ್ದ.

"ಶುಕ್ರವಾರ ಎಸ್ಟೋನಿಯಾದಿಂದ ಕಾದ್ರಿ ಮ್ಯಾಡಮ್ ಬರ್ತಾರ. ತಿ ಮುಲಗೀ ಪುಢೇ ನಕೋ. ಆ ಹುಡುಗಿ ಮುಂದ ಬ್ಯಾಡ್ರಿ, ಬಾಯಿ."

"ಖಾದ್ರಿ ಅಂದ್ರ ಮಿರಜ ದರ್ಗಾದ ಕಡ್ಯಾಕಿ ಏನ್ರಿ ಸರ?" ಎಂದು ಪ್ರತೀಕ ಕೇಳಿದ.

"ಗಪ್ಪ ಬಸ್!" ಎಂದ ಅಜಿಂಕ್ಯ.

ಅಂದು ಸಂಜೆ ನೂತನ ಬಾಯಾರು ಹತ್ತಿರದ ಯಡ್ರಾವ ಊರಿಗೆ ಹೋದರು. ಋತುಜಾಳ ಮನೆಯೆಂದರೆ ಮಾಗದ, ಅಂದರೆ ಮಗ್ಗದ, ಶೆಡ್ಡಿನ ಗೋಡೆಗೆ ಒರಗಿಕೊಂಡ ಎರಡು ಕೋಣೆ. ನೇಯುವ ಮಾಗಗಳು ಹಗಲಿರುಳೂ ನಡೆಯುತ್ತಿದ್ದವು. ಗೂಡಿನಲ್ಲಿಟ್ಟ ಲೋಟಗಳು ಸಹ ಸದಾ ಅದುರುತ್ತಿದ್ದವು. ತಾಯಿ ರಾಯವ್ವ ಶೆಡ್ಡಿನೊಳಗೆ ಕಾಂಡಿ ಎಂಬ ಸಣ್ಣ ಉರುಳೆಗೆ ನೂಲು ಸುತ್ತುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತು, ದನಿಯಿಲ್ಲದೆ, ತುಟಿಗಳನ್ನಷ್ಟೇ ಅಗಲವಾಗಿ ಆಡಿಸಿದಳು: ಬಾಯಾರ ಬಂದಾರ. ಅಷ್ಟು ದೂರದಿಂದಲೇ ರಾಯವ್ವ ಸೆರಗು ಸರಿಪಡಿಸಿಕೊಂಡು ಹೊರಬಂದಳು.

ಬಾಯಾರು ವಿಷಯ ಹೇಳಿದರು. ಗಂಟಲು ಹರಿಯುವಂತೆ ಹೇಳಬೇಕಾಯಿತು.

"ಏನ್ರಿ? ಕೇಳಲಿಲ್ರಿ!"

"ಮೆಲ್ಲಗ ಓದಾಕ ಕಲಸ್ರಿ ಅಂತ ಹೇಳಾಕತ್ತೇನಿ!"

ಇಷ್ಟು ಜೋರಾಗಿ ಕೂಗಿ ಹೇಳಿದ್ದು ಅದನ್ನೇ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರಾಯವ್ವ ನಗಲಿಲ್ಲ.

"ಬಾಯಾರ, ಈಕಿ ಕೂಸಿದ್ದಾಗ ಇಲ್ಲೇ ಜೋಳಿಗ್ಯಾಗ ಮಲಗಸ್ತಿದ್ದೆ. ಅತ್ತರ ನನಗ ಕೇಳಸ್ತಿರಲಿಲ್ಲ. ಬಾಯಿ ತಗದಾಳ ಅಂತ ನೋಡಿ ಓಡಿ ಬರ್ತಿದ್ದೆ. ನೋಡಲಿಲ್ಲಂದ್ರ ಹಂಗ ಅತ್ತು ಅತ್ತು ಮಲಗತಿತ್ತು. ಈಗೀಗ ಆಕಿ ದನಿ ನನಗ ಕೇಳಾಕ ಹತ್ತೈತಿ." ರಾಯವ್ವ ಕೈಗಂಟಿದ ನೂಲೆಳೆಯನ್ನು ಕಿತ್ತು ಒಗೆದಳು. "ಇಳಸಂತ ನಾ ಹೇಳಂಗಿಲ್ರಿ. ನಿಮ್ಮ ಮಷೀನಿಗೆ ಹೇಳ್ರಿ, ತಡಕೊ ಅಂತ."

ಬಾಯಾರು ಚೀಲ ಹೆಗಲಿಗೇರಿಸಿ ಹೊರಟರು. ಅವರದು ವರ್ಷವರ್ಷವೂ ಹೊಸದಾಗಿ ಕೇಳಿ ಪಡೆಯಬೇಕಾದ ನೌಕರಿ. ಬಸ್ಸಿನಲ್ಲಿ ಬರುತ್ತ, ಮೆಲ್ಲಗೆ ಓದಿಸಲು ತಾಯಿಯೇ ಒಪ್ಪಲಿಲ್ಲವೆಂದು ಅಜಿಂಕ್ಯನಿಗೆ ಹೇಳಿ ಹುಡುಗಿಯನ್ನು ಪಕ್ಕದ ಕೋಣೆಗೆ ಕಳಿಸಿದರಾಯಿತು ಎಂದುಕೊಂಡರು. ಇಳಿಯುವ ಹೊತ್ತಿಗೆ ಆ ನೆಪ ಅವರಿಗೇ ಹೇಸಿಗೆಯೆನಿಸಿತು.

ಶುಕ್ರವಾರ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಗೋಡೆಯ ಪರದೆಯ ಮೇಲೆ ಎಸ್ಟೋನಿಯಾದ ತರಗತಿಯೊಂದು ಕಾಣುತ್ತಿತ್ತು. ಅಲ್ಲಿನ ಮಕ್ಕಳು ಉಣ್ಣೆಯ ಅಂಗಿ ತೊಟ್ಟು ಇಲ್ಲಿನ ಮಕ್ಕಳನ್ನೇ ಪಿಳಿಪಿಳಿ ನೋಡುತ್ತಿದ್ದರು. ಕಾದ್ರಿ ಎತ್ತರದ, ಮಿತಭಾಷಿ ಹೆಂಗಸು. ಬೆವರೊರೆಸಿಕೊಳ್ಳುತ್ತ ಮಕ್ಕಳ ಬೆಂಚಿನಲ್ಲೇ ಮೊಣಕಾಲು ಮಡಚಿ ಕೂತರು.

ಅಜಿಂಕ್ಯ ಒಳಬಂದು ನೋಡಿದರೆ ಮೊದಲ ಸಾಲಿನಲ್ಲಿ ಋತುಜಾ.

"ಬಾಯಿ, ಹೇ ಕಾಯ? ಏನಿದು?" ಎಂದು ಹಲ್ಲುಕಚ್ಚಿ ಕೇಳಿದ.

"ಆಕಿ ಜಾಗಾ ಅದ ಅಲ್ರಿ," ಎಂದರು ಬಾಯಾರು.

ಶೀತಲ ಓದಿದಳು. ಟ್ಯಾಬಿನಲ್ಲಿ ನಕ್ಷತ್ರಗಳು ಉದುರಿದವು. ಪರದೆಯ ಆಚೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಬಳಿಕ ಋತುಜಾ ಎದ್ದಳು. ಒಂದೇ ಸಾಲಿಗೆ ಯಂತ್ರ ತನ್ನ ಮಾತು ಶುರುಮಾಡಿತು: "ಗದ್ದಲ ಹೆಚ್ಚಾಗಿದೆ..."

ಅಜಿಂಕ್ಯ ಕಾದ್ರಿಯತ್ತ ಬಾಗಿ ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದ. ಅದರಲ್ಲಿ "ಹಿಯರಿಂಗ್ ಪ್ರಾಬ್ಲೆಮ್" ಎಂಬ ಎರಡು ಪದಗಳು ಬಾಯಾರ ಕಿವಿಗೆ ಬಿದ್ದವು. ಕಾದ್ರಿ ಮರುಕದಿಂದ ತಲೆಯಾಡಿಸಿದರು.

ಆ ಮರುಕವೇ ಬಾಯಾರಿಗೆ ತಡೆಯಲಾಗಲಿಲ್ಲ. ಅವರು ಹೋಗಿ ಟ್ಯಾಬನ್ನು ಬೋರಲು ಮಲಗಿಸಿದರು.

"ನೋ," ಎಂದರು. ಮುಂದಿನ ಇಂಗ್ಲಿಷಿಗಾಗಿ ತಡಕಾಡಿದರು. "ಹರ್ ಇಯರ್ ಗುಡ್. ಮಷೀನ್ ಇಯರ್ ಬ್ಯಾಡ್."

"ಬಾಯಿ!" ಎಂದ ಅಜಿಂಕ್ಯ.

"ಹುಡುಗಿಗೆ ಕಿವಿ ಕೇಳಂಗಿಲ್ಲಂತ ಯಾಕ ಹೇಳಿದ್ರಿ? ಆಕಿ ಹುಟ್ಟಿದ್ದು ಮಾಗದ ಬಾಜೂಕ. ಹೇಳ್ರಿ ಅವರಿಗೆ. ಇಲ್ಲಾ, ನನ್ನ ಹರಕಾ ಇಂಗ್ಲಿಷಿನ್ಯಾಗ ನಾನ ಹೇಳ್ತೀನಿ." ಹೋಗಿ ಕಿಟಕಿಗಳನ್ನು ಒಂದೊಂದಾಗಿ ತೆರೆದರು. ಓಣಿಯ ಮಾಗಗಳ ಸದ್ದು ದಡದಡನೆ ಒಳನುಗ್ಗಿತು. "ಓದವಾ, ಋತುಜಾ."

ಋತುಜಾ ಓದಿದಳು. ಮಾಗಗಳ ಸದ್ದಿನ ಮೇಲೆ ಕಾಲಿಟ್ಟು ನಡೆದಂತೆ ಓದಿದಳು. ಒಂದು ಒತ್ತಕ್ಷರವೂ ಜಾರಲಿಲ್ಲ. ಪರದೆಯ ಆಚೆ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ನಕ್ಕ. ಅವನಿಗೂ ಕೇಳಲೆಂಬಂತೆ ಅವಳು ಇನ್ನಷ್ಟು ಏರಿಸಿದಳು. ಕಾದ್ರಿ ಮೊಬೈಲು ತೆಗೆದು, ಪಾಠ ಮುಗಿಯುವವರೆಗೆ ಹುಡುಗಿಯ ಕಡೆಗೆ ಚಾಚಿ ಹಿಡಿದಿದ್ದರು.

ಎಲ್ಲರೂ ಹೊರಟ ಮೇಲೆ ಅಜಿಂಕ್ಯ ಬಾಗಿಲಲ್ಲಿ ನಿಂತ. "ಗುಂಪು ಮಾಡೂದು ಸಿಸ್ಟಿಮ್‌ದ ಕೆಲಸ್ರಿ, ನಿಮ್ಮದಲ್ಲ. ಕೋಲ್ಹಾಪುರಕ್ಕ ನಾ ಹೇಳೂದೈತಿ."

"ಹೇಳ್ರಿ. ಆಕಿ ಮಾತ್ರ ಇಲ್ಲೇ ಕೂಡ್ತಾಳ," ಎಂದರು ಬಾಯಾರು. ಅವನು ಹೋದ ಮೇಲೆ ಬೋರಲು ಮಲಗಿದ್ದ ಟ್ಯಾಬನ್ನು ಎತ್ತಿ ನೆಟ್ಟಗಿಟ್ಟರು.

ಸೋಮವಾರ ಋತುಜಾ ಮೊದಲ ಸಾಲಿನಲ್ಲೇ ಕೂತಿದ್ದಳು. ಎದ್ದು ಮುಂದಿನ ಪಾಠ ಆರಂಭಿಸಿದಳು. ಅವಳು ಉಸಿರಿಗೆಂದು ನಿಂತಾಗ ಗೋಡೆಯ ಆಚೆಯಿಂದ, ಎರಡನೆಯ ತರಗತಿಯ ಎಳೆಯ ದನಿಗಳು ಅವಳ ಓದು ಕೇಳಿ ಅದೇ ಸಾಲನ್ನು ಒಟ್ಟಾಗಿ ಒಪ್ಪಿಸಿದವು. ಋತುಜಾ ಒಂದು ಕ್ಷಣ ತಬ್ಬಿಬ್ಬಾಗಿ, ಗೋಡೆಯನ್ನೇ ನೋಡುತ್ತ, ಮುಂದಿನ ಸಾಲನ್ನು ಬಿಡಿಸಿ ಬಿಡಿಸಿ ಓದಿದಳು.

ಅಜಿಂಕ್ಯ ಕೋಲ್ಹಾಪುರಕ್ಕೆ ಏನು ಹೇಳಿದನೋ, ಬರುವ ವರ್ಷ ಬಾಯಾರ ನೌಕರಿ ಉಳಿಯುವುದೋ, ಕಾದ್ರಿಯ ಮೊಬೈಲಿನಲ್ಲಿದ್ದ ದನಿಯನ್ನು ಎಸ್ಟೋನಿಯಾದಲ್ಲಿ ಯಾರಾದರೂ ಕೇಳಿಸಿಕೊಂಡರೋ, ನನಗೆ ಗೊತ್ತಿಲ್ಲ.