ರಾಣಿ ಮರೆತ ಮಾತು

"ಅಮ್ಮಾ, ಆ ಕಡೆ ನಿಂತ್ಕೊಳ್ಳಿ ಅಂತ ಎಷ್ಟ್ ಸಲ ಹೇಳ್ಲಿ? ಸಾರ್ ಬರೋ ದಾರಿ ಇದು," ಎಂದು ಸೆಕ್ಯುರಿಟಿಯವನು ಕೈಯಲ್ಲಿದ್ದ ಕೋಲನ್ನು ಗೇಟಿಗೆ ಕುಟ್ಟಿದ.

"ಅವ್ರು ಬರೋ ದಾರಿ ಅಂತಾನೇ ಕಣಪ್ಪ ನಿಂತಿರೋದು. ಇಲ್ಲಾಂದ್ರೆ ನಿನ್ ಮುಖ ನೋಡಕ್ಕೆ ಲಗ್ಗೆರೆಯಿಂದ ಎರಡು ಬಸ್ಸು ಹತ್ಕೊಂಡ್ ಬರ್ತಿದ್ನಾ?" ಎಂದಳು ಮಾಲಾ.

ಸುತ್ತ ನಿಂತಿದ್ದ ಹುಡುಗರು ನಕ್ಕರು. "ಆಂಟಿ ಸೂಪರ್ ಗುರು," ಎಂದನೊಬ್ಬ. ಸೆಕ್ಯುರಿಟಿಯವನೂ ಹಲ್ಲು ಕಿರಿದು ಸುಮ್ಮನಾದ.

ವಿಜಯನಗರದ ಆ ರಂಗಮಂದಿರದಲ್ಲಿ ಭಾನುವಾರ ಮಧ್ಯಾಹ್ನದ ಆಟ ಈಗಷ್ಟೇ ಮುಗಿದಿತ್ತು. ಸಿನಿಮಾ ನಟ ಚನ್ನವೀರೇಶ್ ಬಹಳ ವರ್ಷಗಳ ಮೇಲೆ ಬಣ್ಣ ಹಚ್ಚಿ ರಂಗಕ್ಕೆ ಇಳಿದಿದ್ದಾನೆಂದು ಟಿಕೆಟ್ಟುಗಳೆಲ್ಲ ಮೊದಲೇ ಖಾಲಿ. ಟಿಕೆಟ್ಟು ಸಿಗದವರೂ, ಸಿಕ್ಕಿ ನೋಡಿಯೂ ಮನಸ್ಸು ತುಂಬದವರೂ ಈಗ ಹಿಂಬಾಗಿಲಿಗೆ ಬಂದು ಫೋನು ಎತ್ತಿ ಹಿಡಿದು ಕಾಯುತ್ತಿದ್ದರು. ಮಾಲಾಳ ಕಣ್ಣು ಮಾತ್ರ ಬಾಗಿಲ ಮೇಲೊಮ್ಮೆ, ಸ್ಕೂಟರಿಗೆ ಒರಗಿ ನಿಂತಿದ್ದ ಮುನಿಯಣ್ಣನ ಮೇಲೊಮ್ಮೆ ಓಡುತ್ತಿತ್ತು. ಬಾಗಿಲು ತೆರೆಯುವ ಮೊದಲೇ ಈ ಮನುಷ್ಯ ಸ್ಕೂಟರು ಒದ್ದು ಹೊರಟುಬಿಟ್ಟರೆ ಬಂದದ್ದೆಲ್ಲ ದಂಡ.

"ಕೆಂಗೇರೀಲಿ ಪ್ರಾಕ್ಟೀಸ್ ಇದೆ ಮಾಲಮ್ಮ ನಂಗೆ," ಎಂದು ಅವನು ಆಗಲೇ ಎರಡು ಸಲ ಹೇಳಿದ್ದ.

"ಬಂದ್ರು ಮೇಷ್ಟ್ರೇ, ಬಂದ್ಬಿಟ್ರು. ಇಷ್ಟು ದಿನ ಕಾದಿದ್ದೀನಿ, ನೀವು ಇಷ್ಟು ಹೊತ್ತು ಕಾಯಿರಿ."

ಮುನಿಯಣ್ಣ ಹಾರ್ಮೋನಿಯಂ ಮೇಷ್ಟ್ರು. ಲಗ್ಗೆರೆಯಿಂದ ಕೆಂಗೇರಿಯವರೆಗೆ ಫ್ಯಾಕ್ಟರಿಯವರು, ಆಟೋದವರು, ಅಂಗಡಿಯವರು ಸೇರಿಕೊಂಡು ರಾಜಮಹಾರಾಜರ ನಾಟಕ ಆಡಬೇಕೆಂದರೆ ಅವನೇ ಕಲಿಸಬೇಕು. ಹೆಣ್ಣು ಪಾತ್ರಕ್ಕೆ ಯಾರನ್ನು ಕರೆಸಬೇಕೆಂದು ಅವನೇ ಹೇಳಬೇಕು. ಗಂಡಸರು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡು ಪ್ರಾಕ್ಟೀಸು ಮಾಡುತ್ತಾರೆ. ನಾಟಕವನ್ನೇ ಕಸುಬು ಮಾಡಿಕೊಂಡ ಮಾಲಾಳಂಥ ಹೆಂಗಸರು ಆಟದ ದಿನ ಬ್ಯಾಗು ಹಿಡಿದು ಬಂದು ಇಳಿಯುತ್ತಾರೆ. ಎದುರಿಗೆ ನಿಲ್ಲುವ ರಾಜ ಯಾರ ಮನೆಯವನೋ, ಹಗಲು ಹೊತ್ತು ಏನು ಕೆಲಸ ಮಾಡುತ್ತಾನೋ, ಒಂದೂ ಗೊತ್ತಿರುವುದಿಲ್ಲ. ತನ್ನ ಮಾತಿನ ಜೊತೆಗೆ ಅವನ ಮಾತೂ ಬಾಯಿಗೆ ಬರುತ್ತಿದ್ದರೆ ಸಾಕು. ದೀಪದ ಬೆಳಕಿಗೆ ಅವನು ಕಲ್ಲಾಗಿ ನಿಂತರೆ ಮರೆತ ಮಾತನ್ನು ಜನಕ್ಕೆ ಕೇಳದ ಹಾಗೆ ಎತ್ತಿಕೊಡಬೇಕು; ಎತ್ತಿಕೊಟ್ಟೆ ಎಂದು ಆಮೇಲೆ ಎಲ್ಲೂ ಬಾಯಿ ಬಿಡಬಾರದು. ಹೆಂಡತಿ ಮಕ್ಕಳ ಮುಂದೆ ಕಿರೀಟ ಇಟ್ಟುಕೊಂಡು ನಿಂತ ಗಂಡಸಿನ ಮಾನ ಅದು. ಮಾಲಾ ತಲೆ ನರೆಯುವವರೆಗೆ ಅದನ್ನು ಕಾಪಾಡಿಕೊಂಡು ಬಂದಿದ್ದಳು. "ಮಾಲಮ್ಮ ಇದ್ರೆ ಯಾವ ರಾಜಾನೂ ಬೀಳಲ್ಲ" ಎಂದು ಜನ ಆಡುತ್ತಿದ್ದ ಮಾತೇ ಅವಳ ಅನ್ನ.

ಆ ಅನ್ನಕ್ಕೆ ಚನ್ನವೀರೇಶ್ ಯುಗಾದಿಯ ದಿನ ಟೀವಿಯಲ್ಲಿ ಕೂತು ಮಣ್ಣು ಹಾಕಿದ್ದ.

"ನನ್ನ ಮೊದಲ್ನೇ ನಾಟಕ ರಾಜಾಜಿನಗರದಲ್ಲಿ. ಫ್ಯಾಕ್ಟರಿ ಗೆಳೆಯರು ಸೇರ್ಕೊಂಡು ಆಡಿದ್ದು. ಮಾಲಾ ಅಂತ ಒಬ್ರು ಅಕ್ಕ, ರಾಣಿ ಪಾತ್ರ. ಯುದ್ಧಕ್ಕೆ ಹೊರಡೋ ಸೀನಲ್ಲಿ ಅಕ್ಕನಿಗೆ ಮಾತೇ ಮರ್ತೋಯ್ತು! ಗರ ಬಡ್ದಂಗೆ ನಿಂತ್ಬಿಟ್ರು. ಅವರದ್ದೂ ಸೇರಿಸಿ ನಾನೇ ಹೇಳ್ದೆ. ನಾನು ನಟ ಅಂತ ನಂಗೆ ಗೊತ್ತಾಗಿದ್ದು ಅವತ್ತು," ಎಂದ. ನಿರೂಪಕಿ ಬಿದ್ದು ಬಿದ್ದು ನಕ್ಕಳು. ಪಕ್ಕದ ಮನೆಯ ಕಲಾ, "ಆಂಟೀ, ನಿಮ್ ಹೆಸ್ರು ಟೀವೀಲಿ ಬಂತು!" ಎಂದು ಓಡಿ ಬಂದು ಒಬ್ಬಟ್ಟು ಕೊಟ್ಟು ಹೋದಳು.

ಅವತ್ತು ಗರ ಬಡಿದು ನಿಂತಿದ್ದವನು ಅವನೇ. ಮೀಸೆ ಸರಿಯಾಗಿ ಮೂಡದ ಫಿಟರ್ ಹುಡುಗ. ಒಂದು ಸಾಲಲ್ಲ, ಒಂದು ಸೀನು ಪೂರ್ತಿ ಮಾಲಾ ಅವನನ್ನು ಮಾತಿನ ಮೇಲೆ ಹೊತ್ತು ದಾಟಿಸಿದ್ದಳು. ಅದನ್ನು ಕಂಡಿದ್ದ ಆಗಿನ ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಗಿತ್ತು. ಯುಗಾದಿಯ ನಂತರ ಅವಳಿಗೆ ಬರುತ್ತಿದ್ದ ಫೋನುಗಳು ಒಂದೊಂದಾಗಿ ನಿಂತವು. ಕೇಳಿದರೆ ಮುನಿಯಣ್ಣ, "ನಾನೇನ್ ಮಾಡ್ಲಿ ಮಾಲಮ್ಮ? ಆ ಯಮ್ಮ ವಯಸ್ಸಲ್ಲೇ ಮರೀತಿತ್ತಂತೆ, ಈಗ ಕೇಳ್ಬೇಕಾ ಅಂತಾರೆ ರಾಜಾಪಾರ್ಟಿನೋರು," ಎಂದಿದ್ದ. "ಹಂಗಾದ್ರೆ ಅವನ ಬಾಯಲ್ಲೇ ನಿಜ ಹೇಳಿಸ್ತೀನಿ, ನೀವು ಬಂದು ಕಿವಿಯಾರೆ ಕೇಳಿ," ಎಂದು ಅವಳು ಹಟ ಹಿಡಿದು ಇವತ್ತು ಕರೆತಂದಿದ್ದಳು.

ಬಾಗಿಲು ತೆರೆಯಿತು. "ಬಾಸ್! ಬಾಸ್!" ಎಂದು ಕೂಗೆದ್ದಿತು. ಕುತ್ತಿಗೆಗೆ ಟವೆಲ್ಲು ಹಾಕಿಕೊಂಡು, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿದ್ದ ಚನ್ನವೀರೇಶ್ ಕೈ ಮುಗಿಯುತ್ತಾ ಹೊರಬಂದ. ಮಾಲಾ ಬಾಯಿ ತೆರೆಯುವ ಮೊದಲೇ ಅವನ ಕಣ್ಣು ಅವಳ ಮೇಲೆ ಬಿತ್ತು.

"ಅಯ್ಯಯ್ಯೋ! ಮಾಲಕ್ಕ ಅಲ್ವಾ ನೀವು?"

ಜನರನ್ನು ಸರಿಸಿಕೊಂಡು ಬಂದವನೇ ಕಾಲಿಗೆ ಬಿದ್ದ. ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು. ನಟನೆಯ ನೀರಲ್ಲ, ಅದು ಮಾಲಾಳಿಗೆ ಗೊತ್ತಾಗುತ್ತದೆ.

"ಚೆನ್ನಾಗಿರಪ್ಪ," ಎಂದಳು. ಕಟ್ಟಿಕೊಂಡು ಬಂದಿದ್ದ ಸಿಟ್ಟು ಸಡಿಲವಾಗುತ್ತಿತ್ತು. ಮುನಿಯಣ್ಣ ಹತ್ತಿರ ಬಂದನೇ ಎಂದು ನೋಡಿಕೊಂಡು, "ಒಂದ್ ಮಾತು ಕೇಳ್ಬೇಕಿತ್ತು. ಟೀವೀಲಿ ನೀನು ಹೇಳಿದ್ದು..." ಎಂದಳು.

"ನೋಡಿದ್ರಾ ಅಕ್ಕ? ಎಲ್ರೂ ದೊಡ್ ದೊಡ್ಡೋರ ಹೆಸ್ರು ಹೇಳ್ತಾರೆ. ನಾನು ನಿಮ್ ಹೆಸ್ರು ಹೇಳ್ದೆ!"

ಅವನ ಮುಖದಲ್ಲಿ ಎಳ್ಳಷ್ಟೂ ಕಪಟ ಇರಲಿಲ್ಲ. ಮಾಲಾಳಿಗೆ ಭಯವಾದದ್ದು ಆಗ. ಸುಳ್ಳು ಹೇಳುವವನನ್ನಾದರೆ ಹಿಡಿಯಬಹುದು. ಹೇಳಿ ಹೇಳಿ ತಾನೇ ನಂಬಿಬಿಟ್ಟವನನ್ನು ಎಲ್ಲಿ ಹಿಡಿಯುವುದು?

"ಅದು ಹಂಗಲ್ಲ ಕಣಪ್ಪ. ಅವತ್ತು ಮರ್ತಿದ್ದು ನಾನಲ್ಲ..."

"ಸಾರ್ ಟೀವೀಲಿ ಹೇಳಿದ್ರಲ್ಲ, ಅದೇ ಅಕ್ಕ ಗುರು ಇವ್ರು!" ಎಂದು ಹಿಂದಿನಿಂದ ಯಾರೋ ಕೂಗಿದರು. "ಸಾರ್, ಆ ಸೀನು! ಒಂದೇ ಒಂದ್ಸಲ ಸಾರ್!"

"ಮಾಡಣ್ವಾ ಅಕ್ಕ?" ಎಂದ ಚನ್ನವೀರೇಶ್. ಉತ್ತರಕ್ಕೆ ಕಾಯದೆ ಅವಳ ತೋಳು ಹಿಡಿದು ಎಡಕ್ಕೆ ನಿಲ್ಲಿಸಿಕೊಂಡ. ಫೋನುಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವನು ಟವೆಲ್ಲನ್ನು ಹೆಗಲ ಮೇಲೆ ಉತ್ತರೀಯದ ಹಾಗೆ ಎಸೆದುಕೊಂಡು ಎತ್ತರದ ಶ್ರುತಿಯಲ್ಲಿ ಎತ್ತಿದ:

"ಕೋಟೆ ಬಿದ್ದರೆ ಬೀಳಲಿ, ಕೊತ್ತಳವುರಿದರೆ ಉರಿಯಲಿ, ಕಟ್ಟಿದ ಕಂಕಣದಾಣೆ..."

ನಿಂತ.

ಮೊದಲು ಅದು ಗತ್ತಿನ ಹಾಗೆ ಕಂಡಿತು. ಆದರೆ ಮುಂದಿನ ಮಾತು ಬರಲೇ ಇಲ್ಲ. ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಮಾಲಾಳ ಕಡೆ ಹೊರಳಿಸಿದ. ಅವತ್ತಿನದೇ ಕಣ್ಣು. ಬಾವಿಗೆ ಬಿದ್ದವನು ಮೇಲೆ ನೋಡುವ ಕಣ್ಣು.

ಮುನಿಯಣ್ಣ ಸ್ಕೂಟರು ಬಿಟ್ಟು ನೆಟ್ಟಗೆ ನಿಂತ. ಮಾಲಾ ಅದನ್ನು ಕಂಡಳು. ಅವಳೀಗ ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಯಾರ ಬಾಯಲ್ಲೂ ಏನೂ ಹೇಳಿಸಬೇಕಾಗಿಲ್ಲ. ಹೇಳಿಸಲು ಬಂದ ನಿಜ ತಾನಾಗಿ ನಡೆದುಕೊಂಡು ಎದುರಿಗೆ ಬರುತ್ತಿತ್ತು.

ಅವಳ ಕೈ ತಾನಾಗಿ ಎದ್ದಿತು. ಗಂಡನನ್ನು ಯುದ್ಧಕ್ಕೆ ಕಳಿಸುವ ರಾಣಿ ಅಳು ತಡೆಯುವ ಹಾಗೆ ಸೆರಗು ಬಾಯಿಗೆ ಬಂತು. ಅದರ ಹಿಂದಿನಿಂದ, ಅವನೊಬ್ಬನ ಕಿವಿಗೆ ಮಾತ್ರ, "ಹಿಂದಡಿಯಿಡೆನು ರಾಣಿ" ಎಂದಳು.

"ಹಿಂದಡಿಯಿಡೆನು ರಾಣೀ!" ಎಂದು ಚನ್ನವೀರೇಶ್ ಕಾಂಪೌಂಡು ನಡುಗುವ ಹಾಗೆ ಎತ್ತಿಕೊಂಡು ಕೊನೆ ಮುಟ್ಟಿಸಿದ. ಶಿಳ್ಳೆ, ಚಪ್ಪಾಳೆ. ಅವನು ಎರಡೂ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದ.

"ನೋಡಿದ್ರಲ್ಲ? ಅವತ್ತೂ ಹಿಂಗೇ! ಇಲ್ಲಿ ರಾಣಿ ಮಾತಿದೆ. ಅಕ್ಕ ಹೇಳ್ತಾರೇನೋ ಅಂತ ಕಾದೆ, ಕಾದೆ. ಊಹೂಂ! ಆಮೇಲೆ ನಾನೇ ಎತ್ಕೊಂಡೆ!"

ನಗು ಗೇಟಿನಾಚೆಗೂ ಹರಿಯಿತು. ಅವನ ಕೈ ಅವಳ ಹೆಗಲ ಮೇಲಿತ್ತು. ಬೆರಳುಗಳು ಒಂದು ಸಲ ಬಲವಾಗಿ ಒತ್ತಿದವು. ಉಪಕಾರ ನೆನೆದದ್ದೋ, ಬಾಯಿ ಬಿಡಬೇಡಿ ಎಂದು ಬೇಡಿದ್ದೋ ತಿಳಿಯಲಿಲ್ಲ. ಅವಳು ತಿರುಗಿ ನೋಡುವಷ್ಟರಲ್ಲಿ ಕೈ ಹೋಗಿತ್ತು. "ಮನೆಗ್ ಬನ್ನಿ ಅಕ್ಕ, ಖಂಡಿತ ಬರ್ಬೇಕು," ಎನ್ನುತ್ತಾ ಅವನು ಕಾರು ಹತ್ತಿದ. ಯಾವ ಮನೆ, ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಜನ ಕರಗಿದರು. ಮುನಿಯಣ್ಣ ಹತ್ತಿರ ಬಂದ.

"ಅಲ್ಲಾ ಮಾಲಮ್ಮ, ನೀವು ಹೇಳ್ಲಿ ಅಂತ ಅವರು ಅಷ್ಟು ಹೊತ್ತು ಬಿಟ್ಕೊಟ್ರಲ್ಲ..."

"ಅಲ್ಲಿ ರಾಣಿ ಮಾತಿಲ್ಲ ಮೇಷ್ಟ್ರೇ. ಮರ್ತಿದ್ದು ಅವನು. ನಾನೇ ಎತ್ಕೊಟ್ಟೆ." ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಆಡಿದ್ದು ಇದೇ ಮೊದಲು. ಬಾಯಿ ಕಹಿಯಾಯಿತು.

"ನಾನು ಇಲ್ಲೇ ಇದ್ನಲ್ಲ, ಕೇಳಿಸ್ಲಿಲ್ಲ."

"ಕೇಳಿಸ್ಬಾರ್ದು ಅಂತಾನೇ ಅಲ್ವಾ ಹೇಳೋದು?"

ಮುನಿಯಣ್ಣ ತಲೆ ಕೆರೆದುಕೊಂಡ. "ಇರ್ಬೋದು ಮಾಲಮ್ಮ. ನಾನಂತೂ ಇಲ್ಲ ಅನ್ನಲ್ಲ. ಆದ್ರೆ ನಮ್ಮೋರ ಗ್ರೂಪಿಗೆ ಆಗ್ಲೇ ವಿಡಿಯೋ ಬಂತು ನೋಡಿ. ಅವ್ರಿಗೆಲ್ಲ ಕಾಣೋದು ಇದು." ಫೋನನ್ನು ಅವಳ ಕೈಗಿಟ್ಟು ಸ್ಕೂಟರಿನ ಕಡೆ ತಿರುಗಿದ. "ಕೆಂಗೇರಿ ನಾಟಕದಲ್ಲಿ ರಾಜಮಾತೆ ಪಾರ್ಟು ಒಂದಿದೆ. ಸುಮ್ನೆ ಕೂತಿರೋದೇ ಜಾಸ್ತಿ, ಮಾತಿಲ್ಲ. ಆಗುತ್ತಾ?"

ಮಾಲಾ ಫೋನು ನೋಡಿದಳು. ಪರದೆಯ ಮೇಲೆ ರಾಜ ಟವೆಲ್ಲು ಎಸೆದುಕೊಂಡು ಅಬ್ಬರಿಸುತ್ತಿದ್ದ. ಎಡಕ್ಕೆ ಒಬ್ಬ ವಯಸ್ಸಾದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮಾಲಾ ಅದು ಮುಗಿಯುವವರೆಗೆ ನೋಡಿದಳು. ಮುಗಿದದ್ದು ತಾನೇ ಮತ್ತೆ ಮೊದಲಿನಿಂದ ಶುರುವಾಯಿತು. ರಾಜನ ಮಾತು ನಿಂತ ಕಡೆ ಸೆರಗಿನ ಅಂಚು ಒಂದಿಷ್ಟು ಅಲುಗಿತು, ಗಾಳಿ ಬೀಸಿದ ಹಾಗೆ.