ಮೇಲಿನ ಮನೆಯ ಬಿಸಿನೀರು

ಅವ್ರಾಮ್ ಬೆನಾರೊಯ ಟವೆಲು ಸುತ್ತಿಕೊಂಡು ಬಚ್ಚಲಿನಲ್ಲಿ ನಿಂತು ನಲ್ಲಿಯ ಕೆಳಗೆ ಬೆರಳು ಹಿಡಿದು ಐದು ನಿಮಿಷವಾಗಿತ್ತು. ನೀರು ಬೆಚ್ಚಗಾಗುವ ಲಕ್ಷಣ ಕಾಣಲಿಲ್ಲ, ಬರಬರುತ್ತ ಇನ್ನಷ್ಟು ಕೊರೆಯತೊಡಗಿತು. ಕಿಟಕಿಯಾಚೆ ಬಾತ್ ಯಾಮ್ ಪಟ್ಟಣದ ಸಮುದ್ರ ನಾಲ್ಕು ದಿನದಿಂದ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಳಿ ಮಳೆಯನ್ನು ಅಡ್ಡಡ್ಡ ತಂದು ಶಟರಿನ ಮೇಲೆ ಎರಚುತ್ತಿತ್ತು.

"ಕೊನೆಗೆ ನೀನೂ ಕೈಕೊಟ್ಟೆ ಅನ್ನು," ಎಂದು ಅವನು ತಾರಸಿಯ ಮೇಲಿದ್ದ ತನ್ನ ಸೋಲಾರ್ ಹಂಡೆಯನ್ನು ಬೈದ.

ಬಚ್ಚಲ ಬಾಗಿಲ ಪಕ್ಕದಲ್ಲಿ ಪುಟ್ಟ ಕೆಂಪು ದೀಪದ ಸ್ವಿಚ್ಚೊಂದಿತ್ತು. ಬಿಸಿಲಿಲ್ಲದ ದಿನ ಅದನ್ನು ಒತ್ತಿದರೆ ಕರೆಂಟಿನಲ್ಲಿ ಹಂಡೆ ಕಾಯಬೇಕು. ಚಳಿಗಾಲ ಬಂತೆಂದರೆ ದೇಶದ ಜನವೆಲ್ಲ ಅದನ್ನು ಒತ್ತುವುದೇ ಒತ್ತುವುದು, ಆಮೇಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವುದೇ ಓಡುವುದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಅವ್ರಾಮ್ ಅಂಥವರನ್ನು ಎಷ್ಟು ಸಲ ನಡುದಾರಿಯಲ್ಲಿ ಇಳಿಸಿದ್ದನೋ ಲೆಕ್ಕವಿಲ್ಲ. ಅವನ ಮನೆಯ ಸ್ವಿಚ್ಚಿಗೆ ಮಾತ್ರ ಅಂಟುಪಟ್ಟಿ ಹಚ್ಚಿತ್ತು. ಸೂರ್ಯ ಇಷ್ಟು ಧಾರಾಳವಾಗಿರುವ ನಾಡಿನಲ್ಲಿ ಕರೆಂಟು ಹಾಕಿ ನೀರು ಕಾಯಿಸುವವನು ದಡ್ಡ ಎನ್ನುವುದು ಅವನ ವಾದ. ಹಿಂದಿನ ವರ್ಷ ಚಳಿಗಾಲಕ್ಕೆ ಮುಂಚೆ ಅವನದೂ ಮೇಲಿನ ಮನೆಯದೂ ಎರಡೂ ಹಂಡೆಗಳು ತುಕ್ಕು ಹಿಡಿದು ಒಟ್ಟಿಗೇ ಸೋರಿ, ಹೊಸವನ್ನು ಕೂರಿಸಿದ್ದರು. ತನ್ನದನ್ನು ಅವನು ಅಂಗಡಿಯಲ್ಲಿ ಕುಟ್ಟಿ ತಟ್ಟಿ ತಾನೇ ಆರಿಸಿದ್ದ. ಆಮೇಲಿಂದ ಮೋಡ ಮುಚ್ಚಿದ ದಿನವೂ ನೀರು ಹೊಗೆಯಾಡುತ್ತ ಬರುತ್ತಿತ್ತು. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು. ಅವ್ರಾಮ್ ಹೆಮ್ಮೆಪಟ್ಟ.

ಆ ಚಳಿಗಾಲ ಅವನ ಹೆಂಡತಿ ಸಿಲ್ವಿಯ ಕೊನೆಯ ಚಳಿಗಾಲ. ದಿನಾ ಸಂಜೆ ಏಳಕ್ಕೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಅವನೇ ಸ್ನಾನ ಮಾಡಿಸುತ್ತಿದ್ದ. ಊಟ ಸೇರುತ್ತಿರಲಿಲ್ಲ, ಮಾತ್ರೆ ನಾಟುತ್ತಿರಲಿಲ್ಲ. ಬೆನ್ನ ಮೇಲೆ ಬಿಸಿನೀರು ಬಿದ್ದಾಗ ಮಾತ್ರ ಅವಳು ಕಣ್ಣು ಮುಚ್ಚಿಕೊಂಡು, "ಅವ್ರಾಮ್, ಇನ್ನೊಂದ್ ಸ್ವಲ್ಪ ಹೊತ್ತು ಬಿಡು," ಅನ್ನುತ್ತಿದ್ದಳು. ಅವನು ಬಿಡುತ್ತಿದ್ದ. ಒಂದು ದಿನವೂ ನೀರು ತಣ್ಣಗಾಗಲಿಲ್ಲ. ಅವಳು ಹೋದ ಮೇಲೆ ಏಳು ದಿನದ ದುಃಖಕ್ಕೆ ಕೂತಾಗ, ಬಂದವರಿಗೆಲ್ಲ ಅವನು ಹೇಳಿದ್ದು ಅದನ್ನೇ: ಏನೂ ಕೊಡಕ್ಕಾಗಲಿಲ್ಲ ನನ್ನ ಕೈಲಿ, ಬಿಸಿನೀರೊಂದನ್ನ ಕೊಟ್ಟೆ.

ಹಾಗಾಗಿ ಆ ಹಂಡೆ ಕೆಟ್ಟಿತೆಂದರೆ ಅವನಿಗೆ ಬರೀ ಸ್ನಾನದ ಮಾತಾಗಿರಲಿಲ್ಲ. ಮಧ್ಯಾಹ್ನಕ್ಕೆ ರಿಪೇರಿಯ ಗೆನಾದಿಯನ್ನು ಕರೆಸಿದ.

ಗೆನಾದಿ ತಾರಸಿಯ ಮೇಲೆ ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕರೆಂಟಿನ ಡಬ್ಬಿಯೊಂದರ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ.

"ಹಂಡೆ ಚೆನ್ನಾಗೇ ಇದೆ, ಯಜಮಾನ್ರೇ. ಮೇಲಿನ ಮನೆ ಫ್ರೆಹಾ ಅಮ್ಮ ಊರಲ್ಲಿಲ್ವಾ?"

"ಮಗಳ ಬಾಣಂತನಕ್ಕೆ ಬೇರ್‌ಶೆವಾಗೆ ಹೋಗಿ ವಾರ ಆಯ್ತು. ಕಟ್ಟಡ ತಣ್ಣಗಿದೆ. ನನ್ನ ಹಂಡೆಗೂ ಅವಳಿಗೂ ಏನಯ್ಯಾ ಸಂಬಂಧ?"

ಗೆನಾದಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ನಿಮಗಿನ್ನೂ ಹೇಳಿಲ್ವಾ ಅವರು?"

"ಏನನ್ನ?"

"ಹೊಸಾ ಹಂಡೆ ಕೂರಿಸಿದೋರು ತಂತಿ ಅದಲು ಬದಲು ಮಾಡವ್ರೆ. ನಿಮ್ಮ ಹಂಡೆ ಕಾಯೋದು ಅವರ ಮನೆ ಸ್ವಿಚ್ಚಿಂದ. ಅವರದ್ದು ನಿಮ್ಮ ಮನೆ ಸ್ವಿಚ್ಚಿಂದ. ನೀವೋ ಒತ್ತೋರಲ್ಲ. ಹೋದ ಚಳಿಗಾಲ ನೀರೇ ಕಾಯ್ತಿಲ್ಲ ಅಂತ ಅವರು ನನ್ನ ಕರೆಸಿದ್ರು. ನೋಡಿ ಹೇಳ್ದೆ. ಹತ್ತು ನಿಮಿಷದ ಕೆಲಸ, ಸರಿ ಮಾಡ್ಬಿಡ್ಲಾ ಅಂದೆ. ಬೇಡ, ಮುಟ್ಟಬೇಡ ಅಂದ್ರು."

"ಮತ್ತೆ ಅವಳ ಸ್ನಾನ?"

"ಕುಸ್‌ಕುಸ್ ಬೇಯ್ಸೋ ದೊಡ್ಡ ಪಾತ್ರೆ ಒಲೆ ಮೇಲಿತ್ತು, ತುಂಬಾ ನೀರು. ನಾನಿದ್ದಾಗ್ಲೇ ಆರೂವರೆ ಆಯ್ತು. ಎದ್ದು ಹೋಗಿ ಸ್ವಿಚ್ ಒತ್ತಿ ಬಂದ್ರು." ಗೆನಾದಿ ಕೈ ಒರೆಸಿಕೊಂಡ. "ಈಗ ಸರಿ ಮಾಡ್ಲಾ?"

"ಆಮೇಲೆ ಹೇಳ್ತೀನಿ," ಎಂದು ಅವ್ರಾಮ್ ಕೆಳಗಿಳಿದು ಬಂದ.

ಮೊದಲು ಬಂದದ್ದು ಸಿಟ್ಟು. ಹೆಂಡತಿಗೆ ತಾನು ಕೊಟ್ಟದ್ದು ಅದೊಂದೇ ಎಂದುಕೊಂಡಿದ್ದ, ಅದೂ ತನ್ನದಲ್ಲವಂತೆ. ಅದೂ ಯಾರದು? ಫ್ರೆಹಾ ಅಮ್ಸಲೆಮ್‌ಳದು. ಆರು ವರ್ಷದಿಂದ ಅವಳೊಂದಿಗೆ ಅವನಿಗೆ ನೆಲ ತೊಳೆಯುವ ನೀರಿನ ಜಗಳ. ಶುಕ್ರವಾರ ಬಂತೆಂದರೆ ಅವಳು ಬಕೆಟುಗಟ್ಟಲೆ ನೀರು ಸುರಿದು, ಉಜ್ಜಿ, ಬಾಲ್ಕನಿಯ ಕೊಳವೆಯಿಂದ ಹೊರಗೆ ತಳ್ಳುತ್ತಿದ್ದಳು. ಅದು ನೇರ ಬಂದು ಸಿಲ್ವಿಯ ಜೆರೇನಿಯಂ ಕುಂಡದ ಮೇಲೆ ಬೀಳುತ್ತಿತ್ತು. ಕಟ್ಟಡದ ಸಮಿತಿಗೆ ಅವ್ರಾಮನೇ ಅಧ್ಯಕ್ಷ. ಮೆಟ್ಟಿಲ ಬಳಿ ಅವನು ಅಂಟಿಸಿದ ಚೀಟಿ ಈಗಲೂ ಇತ್ತು: 'ಕೆಲವು ನಿವಾಸಿಗಳ ಗಮನಕ್ಕೆ'. ಕೆಲವು ಎಂದರೆ ಒಬ್ಬಳೇ ಎಂದು ಎಂಟು ಮನೆಗೂ ಗೊತ್ತಿತ್ತು.

ಅಡುಗೆಮನೆಯಲ್ಲಿ ಕಾಫಿ ಆರಿಹೋಗುವಷ್ಟು ಹೊತ್ತು ಕೂತ. ಆರೂವರೆಗೆ ಒತ್ತಿದರೆ ಏಳಕ್ಕೆ ನೀರು ಕಾದಿರುತ್ತದೆ. ಅಂದರೆ ಅವಳು ಮೇಲೆ ಕೂತೇ ಕೆಳಗಿನ ಕುರ್ಚಿ ಎಳೆಯುವ ಸದ್ದು, ಸಿಲ್ವಿಯ ಕೆಮ್ಮು ಎಲ್ಲ ಕೇಳಿಸಿಕೊಂಡು ಹೊತ್ತು ಗೊತ್ತು ಮಾಡಿಕೊಂಡಿದ್ದಳು. ಒಂದು ದಿನ ಮರೆತಿದ್ದರೆ? ಮರೆತಿರಲಿಲ್ಲ. ಸಿಲ್ವಿಯ ಬೆನ್ನ ಮೇಲೆ ಬಿದ್ದ ಪ್ರತಿಯೊಂದು ಚೊಂಬು ನೀರಿಗೂ ಮೇಲೊಬ್ಬಳು ಎದ್ದು ಹೋಗಿದ್ದಳು. ಆ ಚಳಿಗಾಲವೆಲ್ಲ ಆ ಬಚ್ಚಲಿನಲ್ಲಿ ತಾವಿಬ್ಬರೇ ಎಂದುಕೊಂಡಿದ್ದ. ಹಾಗಿರಲಿಲ್ಲ ಎಂದು ತಿಳಿದು ಈಗ ಅವನಿಗೆ ನೋವಾಗಲಿಲ್ಲ, ಎದೆ ತುಂಬಿಬಂತು.

ಸಮಿತಿಯ ಪುಸ್ತಕದಲ್ಲಿ ನಂಬರು ಹುಡುಕಿ ಫೋನ್ ಮಾಡಿದ.

"ಅಧ್ಯಕ್ಷರಾ?" ಫ್ರೆಹಾಳ ದನಿಯ ಹಿಂದೆ ಮಗು ಅಳುತ್ತಿತ್ತು. "ನಾನೇನೂ ಚೆಲ್ಲಿಲ್ಲಪ್ಪ. ಊರಲ್ಲೇ ಇಲ್ಲ. ನೀರು ಬಿದ್ದಿದ್ರೆ ಅದು ಮಳೆ. ಅದಕ್ಕೂ ಒಂದು ಚೀಟಿ ಅಂಟ್ಸಿ."

"ಯಾವತ್ತು ಬರ್ತೀರಿ ಅಂತ ಕೇಳೋಣ ಅಂತ."

"ಹುಷಾರಾಗಿದೀರಿ ತಾನೇ?" ಎಂದಳು ಅವಳು, ನಿಜವಾದ ಗಾಬರಿಯಿಂದ. "ನಾಳೆ ಗುರುವಾರ, ಸಂಜೆ ನಾಲ್ಕಕ್ಕೆ."

ಮರುದಿನ ಮೂರು ಗಂಟೆಗೆ ಅವ್ರಾಮ್ ಸ್ವಿಚ್ಚಿನ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಕಿತ್ತ. ಒತ್ತಿದ. ಕೆಂಪು ದೀಪ ಹತ್ತಿತು. ತನ್ನ ಮನೆಗೆ ಒಂದು ಹನಿಯೂ ಬಾರದ ಬಿಸಿನೀರಿಗೆ ಜೀವಮಾನದಲ್ಲಿ ಮೊದಲ ಸಲ ಕರೆಂಟು ಹಾಕಿ, ಹತ್ತು ನಿಮಿಷಕ್ಕೊಮ್ಮೆ ಬಂದು ದೀಪ ಉರಿಯುತ್ತಿದೆಯೇ ಎಂದು ನೋಡಿದ. ನಡುವೆ ಒಮ್ಮೆ ಕೆಳಗಿಳಿದು ಮೆಟ್ಟಿಲ ಬಳಿಯ ಚೀಟಿಯನ್ನೂ ಕಿತ್ತು ಜೇಬಿಗಿಟ್ಟುಕೊಂಡ.

ಫ್ರೆಹಾ ಬಂದಾಗ ನೆನೆದು ತೊಪ್ಪೆಯಾಗಿದ್ದಳು. ಕೆಳಗೆ ಬಾಗಿಲಲ್ಲಿ ಕಾದಿದ್ದ ಅವನು ಅವಳ ಚೀಲಕ್ಕೆ ಕೈ ಹಾಕಿದ. ಅವಳು ಕೊಡದೆ ಎಳೆದಳು. ಅವನೂ ಎಳೆದ. ಕೊನೆಗೆ ಅವಳೇ ಬಿಟ್ಟಳು.

"ಜೋಪಾನ, ಒಳಗೆ ಸ್ಫಿಂಜ್ ಇದೆ. ಹನುಕ್ಕಾ ಹಬ್ಬದ ದೀಪ ಹಚ್ಚಿದ ಮೇಲೆ ಮಗಳ ಮನೇಲಿ ಕರಿದಿದ್ದು. ನಿಮಗೂ ನಾಲ್ಕಿದೆ, ನಮ್ಮ ಕಡೆ ತಿಂಡಿ, ನೀವು ಬಲ್ಗೇರಿಯಾ ಕಡೆಯೋರು ತಿಂತೀರೋ ಇಲ್ವೋ." ಮೆಟ್ಟಿಲ ಬಳಿ ಬೋಳು ಗೋಡೆ ಕಂಡು ನಿಂತಳು. "ಚೀಟಿ ಎಲ್ಲೋಯ್ತು?"

"ಗೆನಾದಿ ಬಂದಿದ್ದ," ಎಂದ ಅವ್ರಾಮ್.

ಫ್ರೆಹಾ ಮೆಟ್ಟಿಲು ಹತ್ತತೊಡಗಿದಳು. ಎರಡನೇ ಮಹಡಿಯ ಹೊತ್ತಿಗೆ ಇಬ್ಬರಿಗೂ ಏದುಸಿರು ಬಂತು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಯಾರ ಹಂಗೂ ಬೇಡ ಅಂತ ಅವತ್ತೇ ತಂತಿ ಕಿತ್ತು ಸರಿ ಮಾಡಿಸ್ತಿದ್ರಿ. ಆಮೇಲೆ ಸೂರ್ಯ ಬರ್ತಾನೆ ಅಂತ ಕಾಯ್ತಾ ಕೂತಿರ್ತಿದ್ರಿ. ಅಷ್ಟೊತ್ತಿಗೆ ಸಿಲ್ವಿಗೆ ಒಂದು ಸಂಜೆ ತಣ್ಣೀರಾಗ್ತಿತ್ತು. ಒಂದೇ ಒಂದ್ ಸಂಜೆ ಆದ್ರೂ ಯಾಕೆ ಆಗ್ಬೇಕು?"

"ಅವಳು ಹೋದ ಮೇಲಾದ್ರೂ ಹೇಳ್ಬಹುದಿತ್ತು."

"ದುಃಖಕ್ಕೆ ಕೂತಿದ್ರಲ್ಲ, ಆಗ ಹೇಳೋಕೇ ಬಂದಿದ್ದೆ. ನೀವು ಬಂದೋರ ಹತ್ರ ಬಿಸಿನೀರಿನ ವಿಷಯ ಹೇಳ್ತಾ ಇದ್ರಿ." ಅವಳು ತೋಳಿನಿಂದ ಮುಖ ಒರೆಸಿಕೊಂಡಳು. "ಅದು ನಿಮ್ಮದೇ ಕಣ್ರೀ. ನೀರು ಯಾರು ಕಾಯಿಸಿದ್ರೇನು, ಮೈ ತೊಳೆದೋರು ನೀವು."

ಅವ್ರಾಮ್ ಗೋಡೆಯ ಕಡೆ ತಿರುಗಿ ನಿಂತ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಫ್ರೆಹಾ," ಎಂದಷ್ಟೇ ಹೇಳಿದ. ಆಮೇಲೆ ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ, "ನಿಮ್ಮ ನೀರು ಕಾದಿದೆ. ಚಳಿ ಹಿಡಿಯೋಕೆ ಮುಂಚೆ ಹೋಗಿ ಸ್ನಾನ ಮಾಡಿ," ಎಂದ.

"ತಂತಿ?"

"ಇರ್ಲಿ ಬಿಡಿ ಹಂಗೇ. ನಿಮಗೆ ಬೇಕಾದಾಗ ಮೇಲಿಂದ ನೆಲ ಕುಟ್ಟಿ."

ಅವಳು ನಾಲ್ಕು ಸ್ಫಿಂಜನ್ನು ಅವನ ಕೈಗಿಟ್ಟು ಮೇಲೆ ಹೋದಳು. ಅವನು ಮನೆಗೆ ಬಂದು ಒಂದನ್ನು ಮುರಿದು ಸಕ್ಕರೆಯಲ್ಲಿ ಅದ್ದಿದ. ತಣ್ಣಗಾಗಿದ್ದರೂ ಚೆನ್ನಾಗಿತ್ತು. ಪೈಪಿನಲ್ಲಿ ನೀರು ಇಳಿಯುವ ಸದ್ದಿಗೆ ಕಿವಿಗೊಟ್ಟು ಕೂತ. ಬಂದದ್ದು ಬೇರೆ ಸದ್ದು: ಬಕೆಟು ತುಂಬಿದ್ದು, ನೆಲದ ಮೇಲೆ ಸುರಿದದ್ದು, ರಬ್ಬರು ಕೋಲು ಉಜ್ಜಿದ್ದು. ವಾರದ ಧೂಳಿರುವ ಮನೆಯಲ್ಲಿ ಆ ಹೆಂಗಸು ಮೊದಲು ಸ್ನಾನ ಮಾಡುವುದುಂಟೇ.

ಅವ್ರಾಮ್ ಎದ್ದು ಬಾಲ್ಕನಿಗೆ ಹೋದ. ಮಳೆ ನಿಂತಿತ್ತು. ಜೆರೇನಿಯಂ ಕುಂಡವನ್ನು ಎರಡೂ ಕೈಯಿಂದ ಹಿಡಿದು ಒಂದು ಗೇಣು ಪಕ್ಕಕ್ಕೆ ಸರಿಸಿದ. ಅಷ್ಟರಲ್ಲಿ ಮೇಲಿನ ಕೊಳವೆಯಿಂದ ನೀರು ಧುಮುಕಿ, ಕುಂಡವಿದ್ದ ಜಾಗದಲ್ಲಿ ಬಿತ್ತು. ಚಳಿಗಾಳಿಯಲ್ಲಿ ಅದರಿಂದ ಬೆಳ್ಳಗೆ ಹಬೆಯೇಳುತ್ತಿತ್ತು.