ಒಂಬತ್ತು ಗ್ರಾಂ ಕಮ್ಮಿ

ಲೋಕದಲ್ಲಿರುವ ಮೂರ್ಖರೆಲ್ಲ ಸರದಿ ಹಚ್ಚಿ ತನ್ನ ಅಂಗಡಿಯ ಮೆಟ್ಟಿಲನ್ನೇ ಹತ್ತುತ್ತಾರೆ ಎಂದು ಮಿಸ್ತ್ರಿ ನಂಬಿದ್ದ. ಸ್ಪರ್ಧೆಗೆ ಬಳಸುವ ಏರ್ ಪಿಸ್ತೂಲುಗಳನ್ನು ಒಬ್ಬೊಬ್ಬರ ಕೈಗೆ ತಕ್ಕಂತೆ ತಿದ್ದಿಕೊಡುವುದು ಅವನ ಕಸುಬು. ಮರದ ಹಿಡಿ ಕೆತ್ತುತ್ತಿದ್ದ, ಟ್ರಿಗರ್ ಹದ ಮಾಡುತ್ತಿದ್ದ. ಮೆಣಸಿನ ಕಾಳಿನಷ್ಟು ಸೀಸವನ್ನು ಗಾಳಿಯ ಒತ್ತಡದಿಂದ ಹತ್ತು ಮೀಟರ್ ಆಚೆಯ ಕಾಗದಕ್ಕೆ ಹೊಡೆಯುವ ಯಂತ್ರ ಅದು. ಹೊಡೆದಾಗ ಹಿಂದಕ್ಕೆ ಒದೆಯದಂತೆ ಕಾರ್ಖಾನೆಯವರೇ ಒಳಗೆ ಏರ್ಪಾಡು ಮಾಡಿ ಕಳಿಸಿರುತ್ತಾರೆ. ಆದರೂ ಗಿರಾಕಿಗಳಿಗೆ ಪಿಸ್ತೂಲಿನ ಮೂತಿಗೊಂದು ಭಾರ ಬೇಕು, ಹೊಟ್ಟೆಯ ಕೆಳಗೊಂದು ಕಂಬಿ ಬೇಕು.

"ಒದೆಯದ ಹಸು ಹಿಡ್ಕೊಂಡು ಬಂದು ಕಾಲು ಕಟ್ಟು ಅಂತೀರಲ್ಲ," ಎಂದು ಅವನು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ. ಹೇಳಿದ ಮೇಲೆ ಕೇಳಿದ್ದನ್ನೆಲ್ಲ ಹಾಕಿಯೂ ಕೊಡುತ್ತಿದ್ದ.

ಎಲ್ಲರಿಗಿಂತ ಅವನಿಗೆ ಅಸಡ್ಡೆ ಇದ್ದದ್ದು ಹೆಂಡತಿಯ ತಮ್ಮನ ಮೇಲೆ. ಬಾಮೈದ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಬಿಡುವಿನಲ್ಲಿ ಗುರಿಕಾರ. ಹೊಸ ಸಾಮಾನು ಯಾವುದು ಬಂದರೂ ಚಿತ್ರ ಕತ್ತರಿಸಿ ತಂದು ತೋರಿಸುತ್ತಿದ್ದುದರಿಂದ ಮಿಸ್ತ್ರಿ ಅವನಿಗೆ ಕ್ಯಾಟಲಾಗು ಎಂದು ಹೆಸರಿಟ್ಟಿದ್ದ. ಎರಡು ಸ್ಕ್ರೂ ತಿರುಗಿಸಿದರೆ ಯಾರ ಕೈಗಾದರೂ ಹೊಂದಿಕೊಳ್ಳುವ ಹಿಡಿಯೊಂದನ್ನು ಕ್ಯಾಟಲಾಗು ತರಿಸಿಕೊಂಡಾಗ, ಮಿಸ್ತ್ರಿ ಒಂದು ವಾರ ಅದನ್ನೇ ಆಡಿಕೊಂಡು ನಕ್ಕ. ಊರಿಗೆಲ್ಲ ಒಂದೇ ಜೊತೆ ಚಪ್ಪಲಿ ಎಂದ.

ಮಿಸ್ತ್ರಿಯ ಕಣ್ಣಿಗೆ ಸರಿಯಾದ ಪಿಸ್ತೂಲು ಎಂದರೆ ಮಗಳದ್ದೊಂದೇ. ಅದರ ಹಿಡಿಗೆ ಅವನು ನಲವತ್ತು ದಿನ ಉಜ್ಜುಕಾಗದ ಹಿಡಿದಿದ್ದ. ಮಗಳು ಕೈಯಿಟ್ಟರೆ ಬೆರಳುಗಳು ತಾವೇ ಜಾಗ ಹುಡುಕಿಕೊಂಡು ಕೂರುತ್ತಿದ್ದವು. ಬರುವ ಭಾನುವಾರ ಕಿರಿಯರ ತಂಡದ ಆಯ್ಕೆ. ಮೂರು ಜಾಗ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಹಾಗಾಗಿ ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಟ್ರಿಗರ್ ಹಗುರವಾದಷ್ಟೂ ಗುರಿ ಅಲುಗುವುದು ಕಡಿಮೆ. ಆದರೆ ಐನೂರು ಗ್ರಾಮಿಗಿಂತ ಹಗುರ ಇರಬಾರದೆಂಬುದು ನಿಯಮ. ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರ್‌ಗೆ ಐನೂರು ಗ್ರಾಮಿನ ತೂಕ ನೇತುಹಾಕಿ ಎತ್ತುತ್ತಾರೆ. ಟ್ರಿಗರ್ ಬಿಟ್ಟುಕೊಳ್ಳದೆ ತೂಕ ಹೊತ್ತರೆ ಪಾಸು. ಸರಿಯಾಗಿ ಆ ಗೆರೆಯ ಮೇಲೆ ತಂದು ನಿಲ್ಲಿಸುವುದೇ ಮಿಸ್ತ್ರಿಯ ಕೈಚಳಕ. ಅದಕ್ಕೆಂದು ಅವನ ಬಳಿ ಹಳೆಯ ಹಿತ್ತಾಳೆ ತೂಕವೊಂದಿತ್ತು. ಅದರ ದಪ್ಪ ಉಕ್ಕಿನ ಕೊಕ್ಕೆ ಮಗಳ ಟ್ರಿಗರ್ ಮೇಲೆ ಗೀರು ಎಳೆಯಿತೆಂದು ಎರಡು ತಿಂಗಳ ಹಿಂದೆ ಅದನ್ನು ಕಿತ್ತೆಸೆದು, ತೆಳ್ಳನೆಯ ತಂತಿಯ ಕೊಕ್ಕೆ ಹಾಕಿದ್ದ. ಅಂಥ ನಾಜೂಕು ಇನ್ನಾರಿಗೆ ಹೊಳೆದೀತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಬುಧವಾರ ಸಂಜೆ ಕ್ಯಾಟಲಾಗು ತನ್ನದೇ ಒಂದು ತೂಕ ಹಿಡಿದುಕೊಂಡು ಬಂದ.

"ಭಾವ, ಹೋದ ತಿಂಗಳು ನೀವು ಹದ ಮಾಡಿಕೊಟ್ಟಿದ್ದು ಇದರಲ್ಲಿ ನಿಲ್ತಾ ಇಲ್ಲ. ಎರಡನ್ನೂ ಒಂದ್ಸಲ ತಕ್ಕಡಿಗೆ ಹಾಕಿ ನೋಡೋಣ."

"ನನ್ನ ತೂಕ ನಿನ್ನ ಮದುವೆಗಿಂತ ಹಳೇದು. ನಿಂದನ್ನ ತಗೊಂಡು ಹೋಗಿ ಮಕ್ಕಳಿಗೆ ಪಾಠ ಮಾಡು."

ಮಗಳು ಅಲ್ಲೇ ಕೂತು ಪಿಸ್ತೂಲು ಒರೆಸುತ್ತಿದ್ದಳು. "ನೋಡಿದ್ರೆ ಏನಪ್ಪಾ ಹೋಗುತ್ತೆ?"

"ನನ್ನ ಮರ್ಯಾದೆ ಹೋಗುತ್ತೆ."

ಕ್ಯಾಟಲಾಗು ಮನೆಗೆ ಹೋದ. ತನ್ನ ಪಿಸ್ತೂಲಿನ ಟ್ರಿಗರ್ ಹದದ ಸ್ಕ್ರೂವನ್ನು ತಾನೇ ಬಿಗಿ ಮಾಡಿಕೊಂಡ. ಮಿಸ್ತ್ರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಈ ಲೆಕ್ಕದ ಮೇಷ್ಟ್ರು ಸೋದರಮಾವನ ಸಲಿಗೆಯಿಂದ ಮಗಳ ಟ್ರಿಗರ್‌ಗೂ ಕೈ ಹಾಕಿಯಾನು ಎಂದು, ಅದರ ಸ್ಕ್ರೂವಿನ ತಲೆಗೆ ಒಂದು ತೊಟ್ಟು ಅಂಟು ಬಿಟ್ಟು ಸೀಲು ಮಾಡಿಬಿಟ್ಟ.

ಭಾನುವಾರ ತಪಾಸಣೆಯ ಮೇಜಿನ ಹಿಂದೆ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಮಗಳ ಟ್ರಿಗರ್‌ಗೆ ತೂಕ ಹಾಕಿ ಎತ್ತಿದಳು. ಟಿಕ್ ಎಂದಿತು. ಎರಡನೆಯ ಸಲವೂ ಟಿಕ್. ಮೂರನೆಯ ಸಲವೂ ಅದೇ.

"ಆಗಲ್ಲಮ್ಮ. ಸರಿ ಮಾಡಿಸ್ಕೊಂಡು ಬಾ. ಇಪ್ಪತ್ತೈದು ನಿಮಿಷ ಇದೆ."

"ಮೊದಲು ನಿಮ್ಮ ತೂಕ ಸರಿ ಮಾಡಿಸಿ," ಎಂದು ಮಿಸ್ತ್ರಿ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಜೇಬಿನಿಂದ ತನ್ನದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದ. "ಅಸಲಿ ಇದು."

ಹೆಂಗಸು ಜಗಳಕ್ಕೆ ಬರಲಿಲ್ಲ. ಪಕ್ಕದ ತಕ್ಕಡಿಯ ಮೇಲೆ ತನ್ನ ತೂಕವನ್ನಿಟ್ಟಳು. ಐನೂರು. ಅವನದನ್ನಿಟ್ಟಳು. ನಾನೂರ ತೊಂಬತ್ತೊಂದು. ಕನ್ನಡಕ ಏರಿಸಿಕೊಂಡು ತಂತಿಯನ್ನು ನೋಡಿದಳು.

"ಕೊಕ್ಕೆ ಬದಲಾಯಿಸಿದ್ದೀರಾ? ಕೊಕ್ಕೇನೂ ಸೇರಿ ಐನೂರು ಇರೋದಲ್ವಾ."

ಇಪ್ಪತ್ತಾರು ವರ್ಷ ಊರಿನವರನ್ನೆಲ್ಲ ದಡ್ಡರೆಂದು ಕರೆದ ಮನುಷ್ಯನಿಗೆ ಇಷ್ಟು ಹೊಳೆದಿರಲಿಲ್ಲ.

ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ್ದರೆ ಸಾಕಿತ್ತು. ಮೂಲೆಯ ಬೆಂಚಿನ ಮೇಲೆ ಕೂತು ತಿರುಗಿಸಲು ಹೋದ. ಅಂಟು ಜಪ್ಪಯ್ಯ ಎನ್ನಲಿಲ್ಲ. ಕೈ ಬೆವರಿ ತಿರುಪುಳಿ ಜಾರಿತು, ಸ್ಕ್ರೂವಿನ ತಲೆಯ ಗೀರು ಸವೆದು ಬೋಳಾಯಿತು. ತಾನು ಹಾಕಿದ ಸೀಲು ಎಷ್ಟು ಗಟ್ಟಿಯೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಮಗಳು ಎದುರಿಗೆ ನಿಂತು ಗಡಿಯಾರ ನೋಡುತ್ತಿದ್ದಳು. ಅವಳ ಮುಖವನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

"ನಂದು ತಗೋ ಪುಟ್ಟಿ," ಎಂದ ಹಿರಿಯರ ಸ್ಪರ್ಧೆಗೆಂದು ಬಂದಿದ್ದ ಕ್ಯಾಟಲಾಗು. "ನನ್ನ ಸರದಿ ಮಧ್ಯಾಹ್ನ."

ಅವಳ ಅಂಗೈಗೆ ಹಿಡಿಯನ್ನು ಒಡ್ಡಿ, ಎರಡು ಸ್ಕ್ರೂ ತಿರುಗಿಸಿ, "ಹೆಬ್ಬೆರಳಿಗೆ ಒತ್ತುತ್ತಾ?" ಎಂದು ಕೇಳಿ, ಮತ್ತೊಂದಿಷ್ಟು ಸಡಿಲಿಸಿದ. ಮೂತಿಯ ಭಾರವನ್ನೂ ಕಂಬಿಯನ್ನೂ ಬಿಚ್ಚಿ ಜೇಬಿಗಿಳಿಸಿದ. ಊರಿಗೆಲ್ಲ ಒಂದೇ ಚಪ್ಪಲಿ ಆರು ನಿಮಿಷದಲ್ಲಿ ಮಗಳ ಕೈಗೆ ಕೂತಿತು. ತಪಾಸಣೆಯಲ್ಲಿ ಮೊದಲ ಸಲಕ್ಕೇ ಪಾಸಾಯಿತು.

ಪರರ ಪಿಸ್ತೂಲಿನ ಜಾಡು ಹಿಡಿಯಲು ಅವಳಿಗೆ ಮೊದಲ ಹತ್ತು ಹೊಡೆತ ಬೇಕಾದವು. ಆಮೇಲೆ ಎಲ್ಲರಿಗಿಂತ ಚೆನ್ನಾಗಿ ಹೊಡೆದಳು. ಒಂದೇ ಒಂದು ಅಂಕಕ್ಕೆ ನಾಲ್ಕನೆಯವಳಾದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾಟಲಾಗು, ನಾನು ಅವತ್ತೇ ಹೇಳಿದ್ದೆ ಎಂದು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮಿಸ್ತ್ರಿ ಜಗಳವಾದರೂ ಆಡಬಹುದಿತ್ತು.

ಮರುದಿನ ಬೆಳಿಗ್ಗೆ ಅವನು ಅಂಟನ್ನು ಕೆರೆದು, ಕೆಟ್ಟ ಸ್ಕ್ರೂ ಕೊರೆದು ತೆಗೆದು, ಹೊಸದನ್ನು ಕೂರಿಸುತ್ತಿದ್ದಾಗ ಮಗಳು ಬಂದಳು. ಮಾವನ ತೂಕವನ್ನು ಬೆಂಚಿನ ಮೇಲಿಟ್ಟಳು.

"ಹಿರಿಯರ ವಿಭಾಗಕ್ಕೆ ಹೆಸರು ಕೊಟ್ಟಿದ್ದೀನಿ," ಎಂದಳು. "ಹಿಡಿ ನೀನೇ ನೋಡ್ಕೋ ಅಪ್ಪ, ನಿನ್ನಂಗೆ ಯಾರೂ ಕೆತ್ತಲ್ಲ. ಟ್ರಿಗರ್ ಮಾತ್ರ ಇನ್ಮೇಲೆ ನಾನು ನೋಡ್ಕೋತೀನಿ."

ಮಿಸ್ತ್ರಿ ಹೊಸ ಸ್ಕ್ರೂ ಕೂರಿಸಿ ಮುಗಿಸಿದ. ತಿರುಪುಳಿಯನ್ನು ಅವಳ ಕಡೆಗೆ ಸರಿಸಿದ. ಅವಳು ತೂಕ ನೇತುಹಾಕಿ, ಸ್ಕ್ರೂ ತಿರುಗಿಸಿ, ಮೂರು ಸಲ ಎತ್ತಿ ನೋಡಿದಳು. ಮೂರು ಸಲವೂ ನಿಂತಿತು. ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿಕೊಂಡಳು. ಹೋಗುವಾಗ ಬೆಂಚಿನ ಮೇಲಿದ್ದ ಅಂಟಿನ ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಹೋದಳು.